ಶಾಸಕರಿಗೆ ಬರುವ ಉಡುಗೊರೆ: ಬರೆದಿಡಲು ಒಂದು ಪುಸ್ತಕವೂ ಇಲ್ಲ

ಡಿಸೆಂಬರ್ ಬಂತೆಂದರೆ ಬೆಳಗಾವಿಯಲ್ಲಿ ಲಾಡ್ಜ್ ರೂಮು ಸಿಗುವುದಿಲ್ಲ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ. 224 ಶಾಸಕರು, 75 ಪರಿಷತ್ ಸದಸ್ಯರು, ಅವರ ಪಿಎಗಳು, ಗನ್‌ಮ್ಯಾನ್‌ಗಳು, ಡ್ರೈವರ್‌ಗಳು, ಅಧಿಕಾರಿಗಳು ಎಲ್ಲರೂ ಇಲ್ಲೇ. ಅವರನ್ನು ಕಾಣಲು ಬರುವವರೂ ಇಲ್ಲೇ. ದೊಡ್ಡವರನ್ನು ಕಾಣಲು ಬರಿಗೈಯಲ್ಲಿ ಹೋಗಬಾರದು ಅನ್ನುವುದು ನಮ್ಮ ಕಡೆಯ ರೀತಿ. ಗೋಕಾಕ, ಅಮೀನಗಡದ ಕಡೆಯವರು ಕರದಂಟು ತರುತ್ತಾರೆ. ಇಳಕಲ್ಲಿನವರು ಸೀರೆ ತರುತ್ತಾರೆ. ಊರಿನವರು ಕುಂದಾ ಹಿಡಿದು ನಿಲ್ಲುತ್ತಾರೆ. ಇದರಲ್ಲಿ ಮರ್ಯಾದೆ ಎಲ್ಲಿಗೆ ಮುಗಿಯುತ್ತದೆ, ಲಂಚ ಎಲ್ಲಿಂದ ಶುರುವಾಗುತ್ತದೆ ಅನ್ನುವ ಜಗಳ ಪ್ರತಿ ವರ್ಷ ಏಳುತ್ತದೆ.

ಜಗಳ ಎದ್ದಾಗಲೆಲ್ಲ ಲೋಕಾಯುಕ್ತ, ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ), ಸುಪ್ರೀಂ ಕೋರ್ಟ್, ಅಮೆರಿಕದ ಕಾನೂನು ಎಲ್ಲವೂ ಒಂದೇ ಪಾತ್ರೆಯಲ್ಲಿ ಕಲಸಿ ಹೋಗುತ್ತವೆ. ಕೊನೆಗೆ ಯಾರಿಗೂ ಏನೂ ತಿಳಿಯುವುದಿಲ್ಲ. ಅದಕ್ಕೇ ಮೊದಲಿಂದ ಹೇಳುತ್ತೇನೆ.

ಈ ಕತೆ ಶುರುವಾಗುವುದು 1951ರಲ್ಲಿ, ಅದೂ ನಮ್ಮ ಕಡೆಯದೇ ಅನಿಸುವ ಹೆಸರಿನಿಂದ. ಹುಚ್ಚೇಶ್ವರ ಗುರುಸಿದ್ಧ ಮುದಗಲ್. ಬಾಗಲಕೋಟೆ ಜಿಲ್ಲೆಯ ಕಮತಗಿಯಲ್ಲಿ ಹುಚ್ಚೇಶ್ವರ ಮಠ ಇದೆ, ಆ ಹೆಸರು ಎಲ್ಲಿನದೆಂದು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಅವರು ಆಗಿನ ಹಂಗಾಮಿ ಸಂಸತ್ತಿನ ಸದಸ್ಯರು. ಮುಂಬೈನ ಚಿನ್ನ ಬೆಳ್ಳಿ ವ್ಯಾಪಾರಿಗಳ ಸಂಘದಿಂದ ಹಣ ಪಡೆದು ಅವರ ಪರವಾಗಿ ಸದನದಲ್ಲಿ ಕೆಲಸ ಮಾಡಿದರು ಎಂಬ ಆರೋಪ ಬಂತು. ಸದನವೇ ಸಮಿತಿ ಮಾಡಿತು. ಸಮಿತಿ ತಪ್ಪು ಕಂಡಿತು. ಹೊರಹಾಕುವ ನಿರ್ಣಯವನ್ನು ಪ್ರಧಾನಿ ನೆಹರೂ ಅವರೇ ಮಂಡಿಸಿದರು. ಅದು ಮುಗಿಯುವ ಮೊದಲೇ ಮುದಗಲ್ ರಾಜೀನಾಮೆ ಕೊಟ್ಟರು. ಹೊಸ ದೇಶ, ಮೊದಲ ಸಾರ್ವತ್ರಿಕ ಚುನಾವಣೆಯೂ ಮುಗಿದಿರಲಿಲ್ಲ. ಆದರೂ ಸದನ ತನ್ನ ಮನೆಯನ್ನು ತಾನೇ ಗುಡಿಸಿಕೊಂಡಿತು.

ಆಮೇಲಿನ ಐವತ್ತು ವರ್ಷದ ಕತೆ ಚಿಕ್ಕದು: ಸಚಿವರಿಗೆ 1964ರಲ್ಲಿ ಒಂದು ನೀತಿ ಸಂಹಿತೆ ಬಂತು, ಸರ್ಕಾರಿ ನೌಕರರಿಗೆ 1966ರಲ್ಲಿ ನಡತೆ ನಿಯಮಗಳು ಬಂದವು, 1984ರಲ್ಲಿ ಲೋಕಾಯುಕ್ತ ಕಾಯ್ದೆ ಬಂತು, 1988ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆ ಬಂತು, 1997ರಲ್ಲಿ ರಾಜ್ಯಸಭೆಗೆ ನೀತಿ ಸಮಿತಿ ಬಂತು, ಸಚಿವನಲ್ಲದ ಒಬ್ಬ ಸಾಮಾನ್ಯ ಶಾಸಕ ಎಷ್ಟು ಬೆಲೆಯ ಉಡುಗೊರೆ ತಗೋಬಹುದು ಅನ್ನುವ ಒಂದು ಸಾಲು ಮಾತ್ರ ಬರಲಿಲ್ಲ. ಸಚಿವರು ತಮ್ಮ ಇಲಾಖೆಯ ಜೊತೆ ವ್ಯವಹಾರ ಇರುವವರಿಂದ ಏನೂ ತಗೋಬಾರದು ಎಂದು ಸಂಹಿತೆ ಹೇಳುತ್ತದೆ. ಊರಿನ ಕನ್ನಡ ಶಾಲೆಯ ಮಾಸ್ತರರಿಗೂ ಉಡುಗೊರೆಯ ನಿಯಮ ಇದೆ. ಮಾಸ್ತರರ ಸಂಬಳ ಪಾಸು ಮಾಡುವ ಶಾಸಕರಿಗೆ ಇಲ್ಲ.

ಇನ್ನು ನನಗೆ ಚೆನ್ನಾಗಿ ಗೊತ್ತಿರುವ ಭಾಗ.

ಬೆಳಗಾವಿಯಲ್ಲಿ ಮೊದಲ ಅಧಿವೇಶನ ನಡೆದದ್ದು 2006ರ ಸೆಪ್ಟೆಂಬರ್‌ನಲ್ಲಿ. ಆಗ ಸೌಧ ಇರಲಿಲ್ಲ, ಕೆಎಲ್‌ಇ ಸಂಸ್ಥೆಯ ಸಭಾಂಗಣದಲ್ಲೇ ಸದನ ಕೂತಿತ್ತು. 2009ರಲ್ಲೂ ಹಾಗೇ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಸುವರ್ಣ ವಿಧಾನಸೌಧ ಉದ್ಘಾಟಿಸಿದರು. ಆ ಚಳಿಗಾಲದಿಂದ ಅಧಿವೇಶನ ಇಲ್ಲಿನ ಹಬ್ಬದಂತಾಯಿತು. 2019, 2020 ಬಿಟ್ಟರೆ ಮತ್ತೆ ಮತ್ತೆ ನಡೆಯುತ್ತಲೇ ಬಂದಿದೆ.

ಸೌಧ ಕಟ್ಟಿದರು, ಶಾಸಕರ ಭವನ ಕಟ್ಟಲಿಲ್ಲ. ಇದು ಸಣ್ಣ ವಿಷಯ ಅನಿಸಬಹುದು, ಅಲ್ಲ. ಬೆಂಗಳೂರಿನಲ್ಲಿ ಶಾಸಕರ ಭವನದ ಬಾಗಿಲಲ್ಲಿ ಪೊಲೀಸರು ಇರುತ್ತಾರೆ, ಯಾರು ಬಂದರು ಎಂದು ಬರೆದುಕೊಳ್ಳುತ್ತಾರೆ. ಇಲ್ಲಿ ಶಾಸಕರು ಊರ ತುಂಬ ಹಂಚಿಹೋಗಿ ಲಾಡ್ಜು, ಹೋಟೆಲು, ಗೆಸ್ಟ್ ಹೌಸುಗಳಲ್ಲಿ ಇರುತ್ತಾರೆ. ಮನೆಯಿಂದ ದೂರ, ಸಂಜೆ ಕೆಲಸ ಇಲ್ಲ, ಯಾರು ಬೇಕಾದರೂ ಬಂದು ಕಾಣಬಹುದು. ಏನಾದರೂ ಕೊಡಬೇಕೆಂದು ಬಂದವರಿಗೆ ಇದಕ್ಕಿಂತ ಸಲೀಸು ಜಾಗ ಇಲ್ಲ.

ಸೌಧದ ಶುರುವಿನ ವರ್ಷಗಳಲ್ಲಿ ನಾನು ನಗರದ ಒಂದು ಲಾಡ್ಜಿನ ಕೌಂಟರಿನಲ್ಲಿ ಕೂರುತ್ತಿದ್ದೆ. ಅಧಿವೇಶನದ ಹೊತ್ತಿಗೆ ಸಂಜೆ ಏಳರ ಮೇಲೆ ಬ್ಯಾಗುಗಳು ಬರುತ್ತಿದ್ದವು. ಮೇಲೆ ಕುಂದಾ ಡಬ್ಬಿ. ಕೆಳಗೆ ಏನಿದೆ ಅಂತ ನಾವು ನೋಡುತ್ತಿರಲಿಲ್ಲ. ಆದರೆ ಬ್ಯಾಗಿನ ತೂಕ ಕೈಗೆ ಗೊತ್ತಾಗುತ್ತದೆ. ತಂದವರು ಹೆಚ್ಚಾಗಿ ಡ್ರೈವರ್‌ಗಳು. "ಸಾಹೇಬ್ರ ರೂಮಿಗೆ ಮುಟ್ಟಸ್ರಿ" ಎಂದು ಚೀಟಿ ಕೊಟ್ಟು ಹೋಗುತ್ತಿದ್ದರು. ಚೀಟಿಯಲ್ಲಿ ರೂಮ್ ನಂಬರ್ ಇರುತ್ತಿತ್ತು, ಕಳಿಸಿದವರ ಹೆಸರು ಇರುತ್ತಿರಲಿಲ್ಲ. ಒಮ್ಮೆ ಒಂದು ಬ್ಯಾಗು ಬೇರೆ ರೂಮಿಗೆ ಹೋಗಿ ದೊಡ್ಡ ರಂಪ ಆಯಿತು. ಮಾರನೇ ದಿನ ಮ್ಯಾನೇಜರ್ ಒಂದು ನೂರು ಪುಟದ ನೋಟುಬುಕ್ಕು ತಂದು ಕೌಂಟರ್ ಮೇಲೆ ಇಟ್ಟರು. "ತಮ್ಮಾ, ಯಾರ್ ತಂದ್ರು, ಯಾವ ರೂಮಿಗೆ ಹೋತು, ಟೈಮ್ ಎಷ್ಟು, ಎಲ್ಲಾ ಬರ್ಕೋ. ನಾಳೆ ನಮ್ಮ ತಲಿ ಮ್ಯಾಲೆ ಬರಬಾರದು" ಎಂದರು. ಅಧಿವೇಶನ ಮುಗಿಯುವಷ್ಟರಲ್ಲಿ ಹನ್ನೊಂದು ಪುಟ ತುಂಬಿತ್ತು.

ನಾನು ಯಾವ ಶಾಸಕರನ್ನೂ ದೂರುತ್ತಿಲ್ಲ. ಬ್ಯಾಗು ನೋಡಿ "ಇದು ಯಾರದೋ, ವಾಪಸ್ ಕಳಿಸು" ಎಂದು ಕೌಂಟರಿಗೇ ಇಳಿದು ಬಂದು ಹೇಳಿದವರೂ ಇದ್ದರು. ಆದರೆ ವಾಪಸ್ ಯಾರಿಗೆ ಕಳಿಸುವುದು? ಹೆಸರೇ ಇಲ್ಲವಲ್ಲ. ಒಳ್ಳೆಯ ಶಾಸಕನಿಗೂ ದಾರಿ ಇಲ್ಲದ ವ್ಯವಸ್ಥೆ ಇದು. ನನಗೆ ಬೇಜಾರಾಗುವುದು ಅಲ್ಲೇ.

ಅದೇ ದಿನಗಳಲ್ಲಿ ಸೌಧದ ಹತ್ತಿರ ಸುವರ್ಣ ಗಾರ್ಡನ್‌ನಲ್ಲಿ, ಕೊಂಡಸಕೊಪ್ಪದ ಬಯಲಿನಲ್ಲಿ ಟೆಂಟ್ ಹಾಕಿಕೊಂಡು ರೈತರು, ಅಂಗನವಾಡಿ ಕಾರ್ಯಕರ್ತೆಯರು, ಅತಿಥಿ ಉಪನ್ಯಾಸಕರು ಚಳಿಯಲ್ಲಿ ಕೂತಿರುತ್ತಿದ್ದರು. ಸಚಿವರು ಬಂದು ಮನವಿ ಪತ್ರ ತಗೊಂಡು ಹೋಗಲಿ ಎಂದು ಮೂರು ಮೂರು ದಿನ ಕಾಯುತ್ತಿದ್ದರು. ಅವರ ಮನವಿಗೆ ಒಂದು ನಂಬರ್ ಬೀಳುತ್ತದೆ, ಫೈಲ್ ಆಗುತ್ತದೆ. ಲಾಡ್ಜಿಗೆ ಬಂದ ಮನವಿಗೆ ನಂಬರ್ ಇಲ್ಲ.

ಈ ವಿಷಯ ಪೇಪರಿನ ಮೊದಲ ಪುಟಕ್ಕೆ ಬಂದದ್ದು 2016ರಲ್ಲಿ, ಒಂದು ವಾಚಿನಿಂದ. ಅಂದಿನ ಮುಖ್ಯಮಂತ್ರಿಯವರ ಕೈಯಲ್ಲಿದ್ದ ದುಬಾರಿ ಹ್ಯೂಬ್ಲೋ ವಾಚು ಸದನದಲ್ಲೂ ಹೊರಗೂ ದೊಡ್ಡ ಸುದ್ದಿಯಾಯಿತು. ಸ್ನೇಹಿತರು ಕೊಟ್ಟ ಉಡುಗೊರೆ ಎಂದು ಅವರು ಹೇಳಿದರು. ಮಾರ್ಚ್‌ನಲ್ಲಿ ಅದನ್ನು ಸ್ಪೀಕರ್‌ಗೆ ಒಪ್ಪಿಸಿದರು, ಅದು ಸರ್ಕಾರದ ಆಸ್ತಿಯಾಯಿತು. ಅದೇ ತಿಂಗಳು ಬಿಹಾರದಲ್ಲಿ ಶಿಕ್ಷಣ ಇಲಾಖೆ ಶಾಸಕರಿಗೆಲ್ಲ ಮೈಕ್ರೋವೇವ್ ಓವನ್ ಹಂಚಿ ಟೀಕೆಗೆ ಗುರಿಯಾಯಿತು. 2018ರಲ್ಲಿ ನಮ್ಮ ರಾಜ್ಯದ ಸಂಸದರಿಗೆ ಸಭೆಯೊಂದರ ಕಾಗದಪತ್ರದ ಜೊತೆ ಐಫೋನ್, ಚರ್ಮದ ಬ್ಯಾಗು ಹೋದವು. ಕೆಲವರು ವಾಪಸ್ ಕಳಿಸಿದರು. ಮೂರೂ ಸಲ ಚರ್ಚೆ ಸ್ವಲ್ಪ ದಿನ ನಡೆಯಿತು, ವಸ್ತುವಿನ ಬೆಲೆ ಎಷ್ಟು ಅನ್ನುವುದರಲ್ಲೇ ಮುಗಿಯಿತು. ನಿಯಮ ಮಾತ್ರ ಹುಟ್ಟಲಿಲ್ಲ.

2021ರ ಆಗಸ್ಟ್‌ನಲ್ಲಿ ಒಂದು ಒಳ್ಳೆಯ ಆದೇಶ ಬಂತು. ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡಲೇಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದಿತು ಸರ್ಕಾರ. 2023ರಲ್ಲಿ ಹೊಸ ಸರ್ಕಾರ ಬಂದಾಗಲೂ ಮುಖ್ಯಮಂತ್ರಿ ಅದೇ ಮಾತು ಹೇಳಿದರು. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಉಡುಗೊರೆಗೆ "ಬೇಡ" ಎಂದು ಹೇಳುವುದು ನಮ್ಮ ಸಂಸ್ಕೃತಿಗೆ ಅವಮಾನ ಎಂದು ವಾದಿಸುವವರಿಗೆ ಇದೇ ಉತ್ತರ. ಬೇಡ ಅಂದರು, ಯಾರಿಗೂ ಬೇಸರ ಆಗಲಿಲ್ಲ. ಆದರೆ ಆ ಆದೇಶ ವೇದಿಕೆಯ ಮೇಲಿನದಕ್ಕೆ ಮಾತ್ರ. ಲಾಡ್ಜಿನ ರೂಮಿಗೆ ಅದು ಮುಟ್ಟುವುದಿಲ್ಲ.

ಹಾಗಾದರೆ ಇರುವ ಕಾನೂನು ಏನೂ ಮಾಡುವುದಿಲ್ಲವಾ? ಸ್ವಲ್ಪ ಮಾಡುತ್ತದೆ. ಇಲ್ಲೇ ಜಾಸ್ತಿ ಗೊಂದಲ ಇರುವುದು.

ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕಾರ ಶಾಸಕರೂ ಸಾರ್ವಜನಿಕ ಸೇವಕರೇ. 7ನೇ ಕಲಮಿಗೆ 3ರಿಂದ 7 ವರ್ಷ ಶಿಕ್ಷೆ, 2018ರ ತಿದ್ದುಪಡಿಯ ನಂತರ ಕೊಟ್ಟವರಿಗೂ ನೇರವಾಗಿ ಶಿಕ್ಷೆ. ಆದರೆ ಈ ಕಲಮು ಹಿಡಿಯಬೇಕಾದರೆ ಕೊಟ್ಟದ್ದಕ್ಕೂ ಮಾಡಿದ ಕೆಲಸಕ್ಕೂ ನಂಟು ತೋರಿಸಬೇಕು. ಇವತ್ತು ಬ್ಯಾಗು ಕೊಟ್ಟು ಎರಡು ವರ್ಷದ ನಂತರ ಫೋನ್ ಮಾಡಿದರೆ ನಂಟು ಎಲ್ಲಿಂದ ತೋರಿಸುತ್ತೀರಿ? ಅದಕ್ಕೇ 11ನೇ ಕಲಮು ಇದೆ. ತನ್ನ ಮುಂದೆ ಕೆಲಸ ಇರುವವರಿಂದ ಬೆಲೆ ಕೊಡದೆ ಲಾಭ ಪಡೆದರೂ ಅಪರಾಧ, 6 ತಿಂಗಳಿಂದ 5 ವರ್ಷ. ಅದನ್ನು ಹಾಕಲೂ ಯಾರು ಕೊಟ್ಟರು ಅನ್ನುವುದು ಮೊದಲು ಗೊತ್ತಾಗಬೇಕು. ಹೆಸರಿಲ್ಲದ ಬ್ಯಾಗಿಗೆ ಯಾವ ಕಲಮೂ ಹತ್ತುವುದಿಲ್ಲ.

ಲೋಕಾಯುಕ್ತ ಕಾಯ್ದೆಯ 22ನೇ ಕಲಮಿನಡಿ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಮತ್ತು ಕುಟುಂಬದ ಆಸ್ತಿ, ಸಾಲದ ಪಟ್ಟಿ ಕೊಡಬೇಕು. ಕೊಡದವರ ಹೆಸರನ್ನು ಪೇಪರಿನಲ್ಲಿ ಹಾಕಿಸುವ ಅಧಿಕಾರವೂ ಇದೆ. ಚಿನ್ನ ಎಷ್ಟಿದೆ ಎಂದು ಅದರಲ್ಲಿ ಬರೆಯುತ್ತಾರೆ. ಆ ಚಿನ್ನ ಯಾರು ಕೊಟ್ಟರು ಎಂಬ ಮಾತು ಬರುವುದಿಲ್ಲ. ಮೇಲಿಂದ 2016ರಲ್ಲಿ ಎಸಿಬಿ ಮಾಡಿ ಲೋಕಾಯುಕ್ತದ ಪೊಲೀಸ್ ಬಲ ಕಿತ್ತುಕೊಂಡರು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿ ಬಲ ವಾಪಸ್ ಕೊಡಿಸಿತು. ಆ ಆರು ವರ್ಷದಲ್ಲಿ ದೂರು ಎಲ್ಲಿಗೆ ಕೊಡಬೇಕು ಎಂದೇ ಜನರಿಗೆ ತಿಳಿಯುತ್ತಿರಲಿಲ್ಲ.

ಸುಪ್ರೀಂ ಕೋರ್ಟಿನ ಕತೆ ಬೇರೆ. ಸದನದೊಳಗೆ ಹಾಕಿದ ಮತಕ್ಕೆ ಲಂಚ ತಿಂದರೂ ಕೇಸು ಹಾಕಲಾಗದು ಎಂದು 1998ರಲ್ಲಿ ಐವರ ಪೀಠ 3-2ರಲ್ಲಿ ಹೇಳಿತ್ತು. 2005ರ ಡಿಸೆಂಬರ್‌ನಲ್ಲಿ ಪ್ರಶ್ನೆ ಕೇಳಲು ದುಡ್ಡು ಪಡೆದದ್ದು ಗುಪ್ತ ಕ್ಯಾಮೆರಾದಲ್ಲಿ ಸಿಕ್ಕಿ 11 ಸಂಸದರು ಸದಸ್ಯತ್ವ ಕಳೆದುಕೊಂಡರು, ಅದು ಸರಿ ಎಂದು 2007ರಲ್ಲಿ ಕೋರ್ಟ್ ಒಪ್ಪಿತು. 2024ರ ಮಾರ್ಚ್ 4ರಂದು ಏಳು ನ್ಯಾಯಮೂರ್ತಿಗಳ ಪೀಠ ಜಾರ್ಖಂಡ್‌ನ ಶಾಸಕಿಯಾಗಿದ್ದ ಸೀತಾ ಸೊರೆನ್ ಅವರ ಪ್ರಕರಣದಲ್ಲಿ ಒಂದೇ ದನಿಯಲ್ಲಿ 1998ರ ತೀರ್ಪನ್ನು ತಳ್ಳಿಹಾಕಿತು. ಲಂಚಕ್ಕೆ ಸದನದ ರಕ್ಷಣೆ ಇಲ್ಲ. ಇಪ್ಪತ್ತಾರು ವರ್ಷ ಬೇಕಾಯಿತು.

ಅಮೆರಿಕದಲ್ಲಿ ಇದನ್ನು ರಾಜ್ಯ ರಾಜ್ಯವೇ ಬಗೆಹರಿಸಿಕೊಂಡಿದೆ. ಅಲ್ಲಿ ಲಾಬಿ ಮಾಡುವುದು, ಅಂದರೆ ಯಾರದೋ ಪರವಾಗಿ ಶಾಸಕರನ್ನು ಒಲಿಸುವುದು, ಒಂದು ಕಸುಬು, ಹೆಸರು ನೋಂದಾಯಿಸಿಯೇ ಮಾಡಬೇಕು. ಕ್ಯಾಲಿಫೋರ್ನಿಯಾದ ಜನ 1974ರಲ್ಲೇ ಮತ ಹಾಕಿ ಲಾಬಿಯವರ ಉಡುಗೊರೆಗೆ ತಿಂಗಳಿಗೆ 10 ಡಾಲರ್ ಮಿತಿ ತಂದರು. ಸೌತ್ ಕ್ಯಾರೊಲಿನಾದಲ್ಲಿ 1990ರಲ್ಲಿ ಶಾಸಕರು ಎಫ್‌ಬಿಐ ಬಲೆಗೆ ಬಿದ್ದರು. ಮರುವರ್ಷವೇ ಒಂದು ಕಪ್ ಕಾಫಿಯೂ ಕುಡಿಸಬಾರದು ಅನ್ನುವಂಥ ಕಾಯ್ದೆ ಬಂತು. ಫ್ಲೋರಿಡಾದಲ್ಲಿ 2006ರಿಂದ ಹಾಗೇ. ಜಾರ್ಜಿಯಾ ಬಹಳ ವರ್ಷ ಮಿತಿಯೇ ಇಲ್ಲದೆ ಇದ್ದು 2014ರಿಂದ 75 ಡಾಲರ್‌ಗೆ ನಿಲ್ಲಿಸಿತು. ಮಿಸೌರಿಯಲ್ಲಿ 2018ರಲ್ಲಿ 5 ಡಾಲರ್, 2020ರಲ್ಲಿ ಅದೂ ಇಲ್ಲ. ಅಲ್ಲೂ ಸಂದು ಇವೆ. ಎಲ್ಲ ಸದಸ್ಯರನ್ನು ಒಟ್ಟಿಗೆ ಕರೆದು ಊಟ ಹಾಕಿದರೆ ಹಲವು ಕಡೆ ನಡೆಯುತ್ತದೆ. ಚುನಾವಣೆಯ ದೇಣಿಗೆಯ ಲೆಕ್ಕ ಬೇರೆ.

ಅದನ್ನು ಹಾಗೇ ಎತ್ತಿ ಇಲ್ಲಿ ಇಡಲಾಗುವುದಿಲ್ಲ. ನಮ್ಮಲ್ಲಿ ಲಾಬಿಯವರು ಯಾರು ಎಂದು ಯಾವ ಕಾನೂನೂ ಹೇಳುವುದಿಲ್ಲ. 2013ರಲ್ಲಿ ಲೋಕಸಭೆಯಲ್ಲಿ ಲಾಬಿಯನ್ನು ಬಹಿರಂಗ ಮಾಡಿಸುವ ಒಂದು ಖಾಸಗಿ ಮಸೂದೆ ಬಂದಿತ್ತು, ಕಾಯ್ದೆಯಾಗಲಿಲ್ಲ. ಇಲ್ಲಿ ಬರುವವರು ಗುತ್ತಿಗೆದಾರರು, ಸಂಘದ ಅಧ್ಯಕ್ಷರು, ಬೀಗರ ಕಡೆಯವರು. ಇನ್ನೂ ಒಂದು ತೊಡಕಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಸಕ್ಕರೆ ಕಾರ್ಖಾನೆ ನಡೆಸುವವರಲ್ಲಿ ಹಲವರು ತಾವೇ ಶಾಸಕರು, ಸಚಿವರು, ಅಥವಾ ಅವರ ಮನೆಯವರು. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲೇ ದಿನಗಟ್ಟಲೆ ಕೂತರು, ಕೊನೆಗೆ 3,300ಕ್ಕೆ ತೀರ್ಮಾನ ಆಯಿತು. ಕಾರ್ಖಾನೆಯ ಪರವಾಗಿ ಮಾತಾಡಲು ಯಾರೂ ಬ್ಯಾಗು ಹಿಡಿದು ಲಾಡ್ಜಿಗೆ ಬರಬೇಕಿರಲಿಲ್ಲ. ಉಡುಗೊರೆಗೆ ಎಷ್ಟೇ ಬಿಗಿ ಮಿತಿ ತಂದರೂ ಈ ನಂಟನ್ನು ಅದು ಮುಟ್ಟುವುದಿಲ್ಲ, ಅದಕ್ಕೆ ಹಿತಾಸಕ್ತಿಯ ಘೋಷಣೆ ಬೇರೆಯೇ ಬೇಕು.

ಸಂಬಳ ಸಾಲದು, ಅದಕ್ಕೇ ಕೊಟ್ಟದ್ದನ್ನು ತಗೊಳ್ಳುತ್ತಾರೆ ಎನ್ನುವವರೂ ಇದ್ದರು. 2025ರ ಮಾರ್ಚ್‌ನಲ್ಲಿ ಶಾಸಕರ ತಿಂಗಳ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಆ ಮಾತು ಇನ್ನು ನಡೆಯುವುದಿಲ್ಲ.

ಉಡುಗೊರೆ ಬರೆದಿಡುವ ಪುಸ್ತಕಕ್ಕೆ ದೊಡ್ಡ ಕಾಯ್ದೆ ಬೇಕಿಲ್ಲ. ಸಂವಿಧಾನದ 208ನೇ ವಿಧಿ ಸದನಕ್ಕೆ ತನ್ನ ನಡಾವಳಿಯ ನಿಯಮ ತಾನೇ ಮಾಡಿಕೊಳ್ಳುವ ಅಧಿಕಾರ ಕೊಟ್ಟಿದೆ. ಒಂದು ಮೊತ್ತದ ಮೇಲಿನದ್ದು ಬಂದರೆ ಇಷ್ಟು ದಿನದಲ್ಲಿ ಸ್ಪೀಕರ್ ಕಚೇರಿಗೆ ತಿಳಿಸಬೇಕು, ಕಳಿಸಿದವರ ಹೆಸರು ಇಲ್ಲದಿದ್ದರೆ ವಸ್ತುವನ್ನೇ ಒಪ್ಪಿಸಬೇಕು, ಆ ಪಟ್ಟಿ ಯಾರು ಬೇಕಾದರೂ ನೋಡುವಂತಿರಬೇಕು. ಕುಂದಾ, ಕರದಂಟಿಗೆ ಇದರಿಂದ ಏನೂ ತೊಂದರೆ ಇಲ್ಲ. ನಮ್ಮ ಲಾಡ್ಜಿನ ನೋಟುಬುಕ್ಕಿನಲ್ಲಿ ಇದ್ದದ್ದು ನಾಲ್ಕೇ ಗೆರೆ: ತಾರೀಕು, ಟೈಮು, ತಂದವರು, ರೂಮ್ ನಂಬರ್. ಸದನದ ಪುಸ್ತಕಕ್ಕೆ "ಕಳಿಸಿದವರು" ಎಂದು ಐದನೆಯದೊಂದು ಎಳೆದರೆ ಸಾಕು.