ಬಳ್ಳಾರಿಯ ಮಕ್ಕಳು ಎಲ್ಲಿ ಈಜಬೇಕು?

ಸಾರ್ವಜನಿಕ ಈಜುಕೊಳದ ಮಾತೆತ್ತಿದರೆ ಬಳ್ಳಾರಿಯಲ್ಲಿ ಥಟ್ಟನೆ ಬರುವ ಉತ್ತರ ಒಂದೇ: ‘ಕುಡಿಯಾಕ ನೀರಿಲ್ಲ, ಈಜಾಕ ಎಲ್ಲಿಂದ ತರೋದು?’ ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವವರ ಸಿಟ್ಟು ಸುಳ್ಳಲ್ಲ. ಆದರೆ ಈ ಮಾತಿನೊಳಗೆ ಬಾವಿ, ಕಾಲುವೆ, ರೋಗ, ಜಾತಿ, ಗಣಿ ಎಲ್ಲವೂ ಸಿಕ್ಕುಹಾಕಿಕೊಂಡಿವೆ. ಬಿಡಿಸಬೇಕೆಂದರೆ ಮೆಟ್ಟಿಲು ಬಾವಿಯಿಂದಲೇ ಶುರುಮಾಡಬೇಕು.

ಹಂಪಿಯ ಪುಷ್ಕರಣಿಗಳು, ರಾಣಿ ಸ್ನಾನಗೃಹ ದೇವರಿಗೂ ಅರಮನೆಗೂ ಸೇರಿದ್ದವು. ಊರ ಹುಡುಗರಿಗೆ ಈಜು ಕಲಿಸಿದ್ದು ತೋಟದ ಬಾವಿ, ಊರ ಬಾವಿ. ಬೆನ್ನಿಗೆ ಬೆಂಡು ಅಥವಾ ಒಣಗಿದ ಸೋರೆ ಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಅಣ್ಣನೋ ಮಾವನೋ ನೀರಿಗೆ ಇಳಿಸುತ್ತಿದ್ದ. ಹಗ್ಗ ಹಿಡಿದವನೇ ತರಬೇತುದಾರ, ಅವನೇ ಕಾವಲುಗಾರ. ಇದನ್ನು ನೆನೆದು ಹಿಗ್ಗುವವರು ಇನ್ನೊಂದನ್ನೂ ನೆನೆಯಬೇಕು. ಆ ಬಾವಿಗಳು ಎಲ್ಲರವಾಗಿರಲಿಲ್ಲ. ದಲಿತ ಮಕ್ಕಳು ಎಷ್ಟೋ ಬಾವಿಗಳ ಕಟ್ಟೆ ಹತ್ತುವಂತಿರಲಿಲ್ಲ. ಕೆರೆಯ ನೀರು ಮುಟ್ಟುವುದಕ್ಕೇ 1927ರಲ್ಲಿ ಮಹಾರಾಷ್ಟ್ರದ ಮಹಾಡದಲ್ಲಿ ಅಂಬೇಡ್ಕರರು ಸತ್ಯಾಗ್ರಹ ಮಾಡಬೇಕಾಯಿತು. ಹೆಣ್ಣುಮಕ್ಕಳಿಗಂತೂ ಬಾವಿ ಎಂದರೆ ಕೊಡ ಹೊರುವ ಜಾಗ, ಅಷ್ಟೇ.

ಇನ್ನು ನಾರುಹುಣ್ಣು. ಇಂದಿನ ಮಕ್ಕಳಿಗೆ ಈ ಹೆಸರೇ ಗೊತ್ತಿಲ್ಲ. ಈ ಭಾಗದ ಅಜ್ಜ ಅಜ್ಜಿಯರು ಮರೆತಿಲ್ಲ. ಬಾವಿಯ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಕಾಣುವುದೇ ಕಷ್ಟವಾಗುವಷ್ಟು ಸಣ್ಣ ಜೀವಿಯೊಳಗೆ ಈ ಹುಣ್ಣು ತರುವ ಹುಳುವಿನ ಮರಿ ಇರುತ್ತದೆ. ಸೋಸದೆ ಕುಡಿದರೆ ಅದು ಹೊಟ್ಟೆ ಸೇರಿ, ಸುಮಾರು ಒಂದು ವರ್ಷ ಮೈಯೊಳಗೇ ಬೆಳೆದು, ಮೊಳಗಟ್ಟಲೆ ಉದ್ದದ ಹೆಣ್ಣು ಹುಳುವಾಗಿ ಕಾಲಿನ ಚರ್ಮ ಸೀಳಿಕೊಂಡು ಹೊರಬರುತ್ತದೆ. ಎಳೆದರೆ ತುಂಡಾಗುತ್ತದೆ. ಹಾಗಾಗಿ ಸಣ್ಣ ಕಡ್ಡಿಗೆ ದಿನವೂ ಒಂದಿಷ್ಟೇ ಸುತ್ತಿ ತೆಗೆಯಬೇಕು. ವಾರಗಟ್ಟಲೆ ಹೊಲವೂ ಇಲ್ಲ, ಶಾಲೆಯೂ ಇಲ್ಲ. ಹುಣ್ಣಿನ ಉರಿ ತಡೆಯಲಾರದೆ ರೋಗಿ ಬಾವಿಯ ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಟ್ಟರೆ ಹುಳು ಸಾವಿರಾರು ಮರಿಗಳನ್ನು ಚೆಲ್ಲುತ್ತದೆ, ಅದೇ ನೀರು ಊರಿನ ಕೊಡಗಳಿಗೆ ಹೋಗುತ್ತದೆ.

ಮದ್ದಿಲ್ಲ, ಲಸಿಕೆಯಿಲ್ಲ, ಇದ್ದ ದಾರಿ ಒಂದೇ, ಮನುಷ್ಯನ ಕಾಲು ಕುಡಿಯುವ ನೀರಿಗೆ ತಾಗದಂತೆ, ಹುಳುವಿನ ಮರಿ ಹೊಟ್ಟೆ ಸೇರದಂತೆ ನೋಡಿಕೊಳ್ಳುವುದು. ಈ ರೋಗ ನೆಲೆಯೂರಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮ ಶುರುವಾಯಿತು. ಕೈಪಂಪುಗಳು ಬಂದವು, ನೀರಿಗೆ ಟೆಮೆಫಾಸ್ ಔಷಧಿ ಬಿತ್ತು, ಬಟ್ಟೆಯಲ್ಲಿ ಸೋಸುವುದನ್ನು ಮನೆಮನೆಗೆ ಹೋಗಿ ಕಲಿಸಿದರು, ಮೆಟ್ಟಿಲು ಬಾವಿಗಳನ್ನು ಮುಚ್ಚಿದರು ಇಲ್ಲವೇ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು. ದೇಶದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಸಿಕ್ಕಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಪ್ರಮಾಣೀಕರಿಸಿತು. ಬಿಸಿಲಲ್ಲಿ ಹಳ್ಳಿಹಳ್ಳಿ ತಿರುಗಿದ ಆರೋಗ್ಯ ಕಾರ್ಯಕರ್ತರ ಈ ಗೆಲುವಿಗೆ ಸಿಗಬೇಕಾದಷ್ಟು ಗೌರವ ಇನ್ನೂ ಸಿಕ್ಕಿಲ್ಲ.

ಮೆಟ್ಟಿಲು ಮುಚ್ಚಿದ್ದು ಸರಿ. ಮುಚ್ಚಿದ ಮೇಲೆ ಮಕ್ಕಳಿಗೆ ಬೇರೆ ನೀರು ಕೊಡಬೇಕೆಂದು ಯಾವ ಇಲಾಖೆಗೂ ಹೊಳೆಯಲಿಲ್ಲ. ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಕಾಲರಾ ಹಾವಳಿಯ ನಂತರ, 1846ರ ಕಾನೂನಿನ ಬಲದಿಂದ, ನಗರಸಭೆಗಳು ದುಡಿಯುವವರಿಗಾಗಿ ಸ್ನಾನದ ಮನೆಗಳನ್ನು ಕಟ್ಟಿಸಿದವು; ಈಜುಕೊಳಗಳೂ ಅವುಗಳ ಜೊತೆಗೇ ಬೆಳೆದವು. ಅಲ್ಲಿ ರೋಗದ ಭಯ ಸಾರ್ವಜನಿಕ ಕೊಳವನ್ನು ತೆರೆಸಿತು. ನಮ್ಮಲ್ಲಿ ಇದ್ದುದನ್ನು ಮುಚ್ಚಿಸಿತು, ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ಹುಡುಗರು ಕಾಲುವೆಗೆ ಹೋಗಿದ್ದರು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದ ಮೇಲೆ ಬಂದ ಎಚ್‌ಎಲ್‌ಸಿ (ಮೇಲ್ಮಟ್ಟದ ಕಾಲುವೆ), ಎಲ್‌ಎಲ್‌ಸಿ (ಕೆಳಮಟ್ಟದ ಕಾಲುವೆ)ಗಳು ಹೊಲಕ್ಕೆ ನೀರು ಕೊಡಲು ತೋಡಿದವು, ಈಜಲು ಅಲ್ಲ. ಇಳಿಜಾರು ಗೋಡೆಗೆ ಪಾಚಿ ಕಟ್ಟಿರುತ್ತದೆ, ಹಿಡಿದು ಮೇಲೇಳಲು ಆಸರೆಯಿಲ್ಲ, ತೂಬಿನ ಬಳಿ ಸೆಳೆತ ಬೇರೆ. ಶಾಲೆಗೆ ರಜೆ ಬರುವ ಬೇಸಿಗೆಯಲ್ಲಿ ಜಲಾಶಯವೇ ಬರಿದಾಗುತ್ತಾ ಬಂದು ಕಾಲುವೆಯೂ ನಿಲ್ಲುತ್ತದೆ. ಕೊಳವೆಬಾವಿಗಳು ಅಂತರ್ಜಲ ಹೀರಿ ಉಳಿದ ತೆರೆದ ಬಾವಿಗಳೂ ಬತ್ತಿದವು. ಮಳೆಗಾಲಕ್ಕೆ ಕಲ್ಲು ಕ್ವಾರಿಗಳು ತುಂಬಿದವು. 2014ರ ಕೃಷಿಭಾಗ್ಯ ಯೋಜನೆಯಿಂದ ಬಂದ ಕೃಷಿ ಹೊಂಡಗಳ ಪ್ಲಾಸ್ಟಿಕ್ ಹಾಸಿನ ಮೇಲೆ ಈಜು ಬಲ್ಲವರ ಕಾಲೂ ಜಾರುತ್ತದೆ. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ಮುಳುಗಿ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಕಲಿಸಿ ಎಂಬುದು ಅದರ ಮುಖ್ಯ ಸಲಹೆಗಳಲ್ಲೊಂದು.

ಹಣವಿಲ್ಲ ಎನ್ನುವ ಕಾಲ ಇದಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ನಂತರದ ವರ್ಷಗಳಲ್ಲಿ ನಿಯಮಗಳು ಬದಲಾದವು. ಗಣಿ ಕಾನೂನಿನ 2015ರ ತಿದ್ದುಪಡಿಯಿಂದ ಗಣಿ ಕಂಪನಿಗಳು, ಅದಿರಿಗಾಗಿ ಸರ್ಕಾರಕ್ಕೆ ಕಟ್ಟುವ ರಾಜಧನದ ಮೇಲೆ ಶೇ 10ರಿಂದ 30ರಷ್ಟನ್ನು ಜಿಲ್ಲಾ ಖನಿಜ ನಿಧಿಗೆ ಕಟ್ಟುತ್ತಿವೆ. ಆ ನಿಧಿಯಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಮೊದಲ ಆದ್ಯತೆ. ಮಗುವೊಂದು ಮುಳುಗದಂತೆ ಕಲಿಸುವುದು ಆರೋಗ್ಯವಲ್ಲದೆ ಇನ್ನೇನು?

ಈಗ ನೀರಿನ ಲೆಕ್ಕ. 50 ಮೀಟರ್ ಉದ್ದ, 25 ಮೀಟರ್ ಅಗಲ, ಸರಾಸರಿ 2 ಮೀಟರ್ ಆಳದ ಸ್ಪರ್ಧಾ ಕೊಳಕ್ಕೆ 25 ಲಕ್ಷ ಲೀಟರ್ ಬೇಕು. ಉದ್ಘಾಟನೆಗೆ ಅದು ಚೆಂದ. ಕಲಿಯುವ ಮಕ್ಕಳಿಗೆ 25 ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ ಸಾಕು, ಅದಕ್ಕೆ 3.75 ಲಕ್ಷ ಲೀಟರ್. ಬಿರುಬೇಸಿಗೆಯಲ್ಲಿ ದಿನಕ್ಕೆ 8 ಮಿಲಿಮೀಟರ್ ಆವಿಯಾದರೂ ಹೋಗುವುದು 2,500 ಲೀಟರ್, ಅಂದರೆ 5,000 ಲೀಟರಿನ ಟ್ಯಾಂಕರಿನಲ್ಲಿ ಅರ್ಧ. ಮೇಲೆ ನೆರಳು ಮಾಡಿದರೆ ಇನ್ನೂ ಕಡಿಮೆ. ಮರಳಿನ ಫಿಲ್ಟರ್ ತೊಳೆಯಲು ಒಂದಿಷ್ಟು ಬೇಕು, ನಿಜ. ಆದರೆ ಫಿಲ್ಟರ್ ಓಡುತ್ತಾ, ಕ್ಲೋರಿನ್ ಅಳತೆಯಲ್ಲಿದ್ದರೆ ಅದೇ ನೀರು ತಿಂಗಳುಗಟ್ಟಲೆ ನಡೆಯುತ್ತದೆ. ಫಿಲ್ಟರ್ ಕೆಟ್ಟು, ರಿಪೇರಿಗೆ ದುಡ್ಡಿಲ್ಲದೆ, ಹಸಿರುಗಟ್ಟಿದ ನೀರನ್ನೆಲ್ಲ ಚೆಲ್ಲಿ ಮತ್ತೆ ತುಂಬಿಸತೊಡಗಿದಾಗ ಮಾತ್ರ ಈಜುಕೊಳ ಊರಿನ ನೀರು ಕಸಿಯುತ್ತದೆ. ನಗರಗಳ ಕೊಳಗಳು ಸೊರಗುವುದು ಬಹುತೇಕ ಹೀಗೆಯೇ: ಕಟ್ಟಲು ಅನುದಾನ ಸಿಗುತ್ತದೆ, ಪಂಪ್ ನಡೆಸುವವನ ಸಂಬಳಕ್ಕೆ ಸಿಗುವುದಿಲ್ಲ. ಆಮೇಲೆ ಗುತ್ತಿಗೆ, ಗುತ್ತಿಗೆಯ ಹಿಂದೆ ಶುಲ್ಕ. ಶುಲ್ಕ ಏರಿದಂತೆ ಜೀನ್ಸ್ ಹೊಲಿಯುವವರ, ಹಮಾಲರ ಮಕ್ಕಳು ಮತ್ತೆ ಕಾಲುವೆಯ ಕಡೆ ನಡೆಯುತ್ತಾರೆ.

ಆದ್ದರಿಂದ ಕೊಳದ ಕಡತ ಮುಂದೆ ಹೋಗುವಾಗ ಕಟ್ಟಡದ ಅಂದಾಜಿನ ಜೊತೆಗೇ ಹತ್ತು ವರ್ಷದ ನಿರ್ವಹಣೆಯ ಹಣ, ಇಬ್ಬರು ಕಾವಲು ಈಜುಗಾರರ ಕಾಯಂ ಹುದ್ದೆ, ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತ ಪ್ರವೇಶ ಇವೆಲ್ಲ ಅದರಲ್ಲಿ ಬರೆದಿರಬೇಕು. ಬಾವಿಯ ಕಾಲದಲ್ಲಿ ದಡದಲ್ಲೇ ಉಳಿದ ಹೆಣ್ಣುಮಕ್ಕಳಿಗೆ ದಿನವೂ ಎರಡು ಗಂಟೆ ಮೀಸಲಿಟ್ಟು, ಆ ಹೊತ್ತಿಗೆ ತರಬೇತುದಾರಳೂ ಕಾವಲಿನವಳೂ ಹೆಂಗಸರೇ ಇರುವಂತೆ ಈಗಲೇ ನೇಮಕಾತಿ ಮಾಡಬೇಕು.