ಈ ಲೇಖನ ಆಗಲೇ ಬಂದಿದೆಯಾ?

ಕೊಡಗಿನ ಕಾಫಿ ಬೆಳೆಗಾರರೊಬ್ಬರ ಮೊಬೈಲ್‌ಗೆ ಬರುವ ಸುದ್ದಿ ಎಷ್ಟು ಬಗೆಯದು ನೋಡಿ. ಲಂಡನ್‌ನ ರೊಬಸ್ಟಾ ದರ, ನ್ಯೂಯಾರ್ಕ್‌ನ ಅರೇಬಿಕಾ ದರ, ಬ್ರೆಜಿಲ್‌ನಲ್ಲಿ ಬಿದ್ದ ಹಿಮ, ಕಾಫಿ ಮಂಡಳಿಯ ಸೂಚನೆ, ಬಿಳಿ ಕಾಂಡಕೊರಕದ ಹತೋಟಿ, ಹೂಮಳೆಯ ಮುನ್ಸೂಚನೆ, ಕಾಡಾನೆ ಯಾವ ಊರಿನ ಕಡೆ ಇದೆ ಅನ್ನುವುದು. ಎಲ್ಲವನ್ನೂ ಆಗಲೇ ಓದಲು ಪುರುಸೊತ್ತಿರುವುದಿಲ್ಲ. ಕೊಯ್ಲಿನ ತಿಂಗಳುಗಳಲ್ಲಂತೂ ಇಲ್ಲವೇ ಇಲ್ಲ. ಹಾಗಾಗಿ ಆಮೇಲೆ ಓದೋಣ ಎಂದು ನಕ್ಷತ್ರದ ಗುರುತು ಒತ್ತಿ ಉಳಿಸಿಡುತ್ತಾರೆ.

ಉಳಿಸಿದ್ದು ಒಂದೇ ಕಡೆ ಇದ್ದರೆ ಚೆನ್ನಾಗಿತ್ತು. ಆದರೆ ಕೆಲವು, ಹಲವು ವೆಬ್‌ಸೈಟ್‌ಗಳ ಹೊಸ ಲೇಖನಗಳನ್ನು ಒಂದೇ ಕಡೆ ತೋರಿಸುವ ಫೀಡ್ಲಿ, ಇನೋರೀಡರ್‌ನಂಥ ನ್ಯೂಸ್ ರೀಡರ್‌ನಲ್ಲಿರುತ್ತವೆ. ಕೆಲವು ಇನ್‌ಸ್ಟಾಪೇಪರ್, ರೇನ್‌ಡ್ರಾಪ್‌ನಂಥ ಬುಕ್‌ಮಾರ್ಕ್ ಆ್ಯಪ್‌ನಲ್ಲಿ. ಉಳಿದದ್ದು ವಾಟ್ಸಾಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡ ಮೆಸೇಜುಗಳ ನಡುವೆ. ಬೇಕಾದಾಗ ಹುಡುಕಿದರೆ ಸಿಗುವುದಿಲ್ಲ. ಇದಕ್ಕೆ ಉಪಾಯ ಇದೆ. ಐಎಫ್‌ಟಿಟಿಟಿ, ಝೇಪಿಯರ್ ಎಂಬ ಸೇವೆಗಳಲ್ಲಿ ಒಂದು ಸಣ್ಣ ನಿಯಮ ಬರೆದಿಡಬಹುದು: ನ್ಯೂಸ್ ರೀಡರ್‌ನಲ್ಲಿ ನಾನು ನಕ್ಷತ್ರ ಒತ್ತಿದರೆ, ಆ ಲೇಖನವನ್ನು ನನ್ನ ಬುಕ್‌ಮಾರ್ಕ್‌ಗೆ ಸೇರಿಸು. ಒಮ್ಮೆ ಹೊಂದಿಸಿದರೆ ಸಾಕು, ಮುಂದಿನದೆಲ್ಲ ತಾನಾಗೇ ನಡೆಯುತ್ತದೆ.

ಇಲ್ಲಿಂದ ಒಂದು ಲಿಂಕ್ ಎತ್ತಿ ಅಲ್ಲಿ ಹಾಕುವುದು, ಅಷ್ಟೇ ತಾನೆ? ಎತ್ತಿ ಹಾಕುವುದು ನಿಜಕ್ಕೂ ಸುಲಭ. ಯಂತ್ರಕ್ಕೆ ಕಷ್ಟವಾಗುವುದು ಬೇರೆಯೇ ಒಂದು ಪ್ರಶ್ನೆ. ಈ ಲೇಖನ ಆಗಲೇ ಬಂದಿದೆಯಾ, ಅಥವಾ ಹೊಸದಾ? ಕಂಪ್ಯೂಟರ್ ವಿಜ್ಞಾನದ ಬಹಳ ಆಳವಾದ ಕೆಲವು ವಿಚಾರಗಳು ಈ ಪುಟ್ಟ ಪ್ರಶ್ನೆಯ ಹಿಂದಿವೆ.

ಮೊದಲು ಸುದ್ದಿ ಬರುವ ದಾರಿ ನೋಡೋಣ. 1999ರ ಮಾರ್ಚ್‌ನಲ್ಲಿ ವೆಬ್ ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಡ್ಯಾನ್ ಲಿಬ್ಬಿ ಮತ್ತು ಭಾರತ ಮೂಲದ ಆರ್. ವಿ. ಗುಹಾ ಆರ್‌ಎಸ್‌ಎಸ್ ಎಂಬ ಮಾದರಿಯನ್ನು ರೂಪಿಸಿದರು. ವೆಬ್‌ಸೈಟ್ ತನ್ನ ಹೊಸ ಲೇಖನಗಳ ಶೀರ್ಷಿಕೆ, ಲಿಂಕ್, ಸಾರಾಂಶವನ್ನು ಒಂದು ಪಟ್ಟಿಯಾಗಿ ಇಡುತ್ತದೆ. ಅದಕ್ಕೆ ಫೀಡ್ ಎನ್ನುತ್ತಾರೆ. ನ್ಯೂಸ್ ರೀಡರ್ ಆಗಾಗ ಹೋಗಿ ಆ ಪಟ್ಟಿಯನ್ನು ನೋಡಿ ಬರುತ್ತದೆ. ಪ್ರತಿ ಸಲವೂ ಇಡೀ ಪಟ್ಟಿಯನ್ನು ಇಳಿಸಿಕೊಂಡರೆ ಡೇಟಾ ಸುಮ್ನೆ ಖರ್ಚು. ಅದಕ್ಕೇ ಸರ್ವರ್ ಪಟ್ಟಿಯ ಜೊತೆ ಒಂದು ಗುರುತು ಕೊಟ್ಟಿರುತ್ತದೆ. ಮುಂದಿನ ಸಲ ರೀಡರ್ ಆ ಗುರುತು ತೋರಿಸುತ್ತದೆ. ಏನೂ ಬದಲಾಗಿಲ್ಲದಿದ್ದರೆ ಸರ್ವರ್ 304 ಎಂಬ ಸಂಖ್ಯೆಯ ಉತ್ತರ ಕಳಿಸಿ ಸುಮ್ಮನಾಗುತ್ತದೆ. ಪಟ್ಟಿ ಬರುವುದೇ ಇಲ್ಲ. ನೆಟ್‌ವರ್ಕ್‌ನ ಒಂದೇ ಕಡ್ಡಿ ತೋರಿಸುವ ನಮ್ಮ ತೋಟಗಳಲ್ಲಿ ಇದು ಸಣ್ಣ ಉಪಕಾರವಲ್ಲ.

ಫೀಡ್‌ನಲ್ಲಿ ಪ್ರತಿ ಲೇಖನಕ್ಕೂ ಒಂದು ಗುರುತಿನ ಸಂಖ್ಯೆ ಕೊಡಬಹುದು. ಎಲ್ಲರೂ ಕೊಡುವುದಿಲ್ಲ. ಕೊಟ್ಟಿದ್ದರೂ ಅದು ಬುಕ್‌ಮಾರ್ಕ್ ಆ್ಯಪ್‌ಗೆ ತಲುಪಬೇಕೆಂದಿಲ್ಲ. ಕೊನೆಗೆ ಕೈಯಲ್ಲಿ ಉಳಿಯುವುದು ಲಿಂಕ್ ಮಾತ್ರ. ಅದೂ ನೆಚ್ಚಿಕೊಳ್ಳುವಂಥದ್ದಲ್ಲ. ಫೇಸ್‌ಬುಕ್‌ನಿಂದ ಬಂದರೆ ಲಿಂಕ್‌ನ ಬಾಲಕ್ಕೆ ಒಂದು ಉದ್ದನೆಯ ಗುರುತು ಅಂಟಿಕೊಂಡಿರುತ್ತದೆ. ಇಮೇಲ್‌ನಿಂದ ಬಂದರೆ ಯುಟಿಎಂ ಎಂದು ಶುರುವಾಗುವ ಇನ್ನೊಂದು ಬಾಲ. ಓದುಗ ಯಾವ ದಾರಿಯಲ್ಲಿ ಬಂದ ಎಂದು ಎಣಿಸಲು ಇವುಗಳನ್ನು ಸೇರಿಸುತ್ತಾರೆ. ಲೇಖನ ಒಂದೇ, ಆದರೆ ಯಂತ್ರದ ಕಣ್ಣಿಗೆ ಮೂರು. ಇದನ್ನು ಸರಿಪಡಿಸಲು ಒಂದು ದಾರಿ 2009ರಿಂದಲೂ ಇದೆ. ಆ ವರ್ಷ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಸೇರಿ, ಪುಟದೊಳಗೇ ಅದರ ಅಸಲಿ ವಿಳಾಸ ಬರೆದಿಡುವ ಪದ್ಧತಿಗೆ ಒಪ್ಪಿದವು. ಒಳ್ಳೆಯ ಬುಕ್‌ಮಾರ್ಕ್ ಆ್ಯಪ್ ಬಾಲ ಕತ್ತರಿಸುತ್ತದೆ, ಅಸಲಿ ವಿಳಾಸ ಹುಡುಕುತ್ತದೆ, ಆಮೇಲೆ ಹೋಲಿಸಿ ನೋಡುತ್ತದೆ.

ಕನ್ನಡದಲ್ಲಿ ಓದುವವರಿಗೆ ಇದರ ಮೇಲೆ ಇನ್ನೊಂದು ತೊಡಕಿದೆ. ಲಿಂಕ್‌ನಲ್ಲಿ ಕನ್ನಡ ಅಕ್ಷರ ಇದ್ದರೆ ಅದು ಹಾಗೆಯೇ ಸಾಗುವುದಿಲ್ಲ. ಜಗತ್ತಿನ ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಸಂಕೇತ ಕೊಡುವ ಪದ್ಧತಿ ಯುನಿಕೋಡ್. ಅದರ ಪ್ರತಿ ಕನ್ನಡ ಸಂಕೇತವೂ ಸಾಮಾನ್ಯವಾಗಿ 3 ಬೈಟ್, ಅಂದರೆ ಕಂಪ್ಯೂಟರ್ ಮಾಹಿತಿ ಇಡುವ ಮೂರು ಸಣ್ಣ ತುಣುಕು. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರವಾಗಿ ಮಾರ್ಪಡುತ್ತದೆ. 'ಕೊಡಗು' ಎಂದು ಬರೆದರೆ ಒಳಗೆ 5 ಸಂಕೇತ, 15 ಬೈಟ್, ವಿಳಾಸದಲ್ಲಿ 45 ಅಕ್ಷರ. ವಾಟ್ಸಾಪ್‌ನಲ್ಲಿ ಕನ್ನಡದ ಲಿಂಕ್ ಹಂಚಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸರಮಾಲೆ ಕಾಣುತ್ತದಲ್ಲ, ಅದು ಇದೇ. ಒಂದು ಆ್ಯಪ್ ಅದನ್ನು ಕನ್ನಡವಾಗಿ ಬಿಚ್ಚಿ ಇಟ್ಟುಕೊಂಡು, ಇನ್ನೊಂದು ಹಾಗೆಯೇ ಬಿಟ್ಟರೆ, ಒಂದೇ ಲೇಖನ ಎರಡಾಗಿ ಕೂರುತ್ತದೆ.

ಟ್ಯಾಗ್, ಅಂದರೆ ಲೇಖನವನ್ನು ಆಮೇಲೆ ಹುಡುಕಲು ಅಂಟಿಸುವ ಪದ, ಬರೆಯುವಾಗ ಇನ್ನೂ ಸೂಕ್ಷ್ಮ. 'ಕೊ' ಅಕ್ಷರವನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. 'ಕ'ದ ಜೊತೆ ಒತ್ವದ ಒಂದೇ ಸಂಕೇತ ಇಡಬಹುದು. ಅಥವಾ ಎತ್ವದ ಸಂಕೇತವೂ ಅದರ ಹಿಂದೆ ಊತ್ವದ ಸಂಕೇತವೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಎರಡನೆಯ ರೀತಿಯಲ್ಲಿ 'ಕೊಡಗು' 5 ಸಂಕೇತವಲ್ಲ, 6. ಬರೀ ಬೈಟ್ ಹೋಲಿಸುವ ಆ್ಯಪ್‌ಗೆ ಇವೆರಡೂ ಬೇರೆ ಬೇರೆ ಪದ. ಒಂದು ಟ್ಯಾಗ್ ಹುಡುಕಿದರೆ ಇನ್ನೊಂದರ ಲೇಖನಗಳು ಕಾಣುವುದಿಲ್ಲ. ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ನಿಯಮ ಯುನಿಕೋಡ್‌ನಲ್ಲೇ ಇದೆ. ಆ್ಯಪ್ ಮಾಡುವವರು ಅದನ್ನು ಪಾಲಿಸಬೇಕಷ್ಟೇ. ನಮ್ಮ ಜಿಲ್ಲೆಯ ಹೆಸರನ್ನೇ ಸರಿಯಾಗಿ ಹುಡುಕಲಾಗದ ಆ್ಯಪನ್ನು ನಾವು ಒಪ್ಪಬಾರದು, ದೂರು ಬರೆಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮರ ಬಿದ್ದರೆ ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ ಕೂಡ. ನೀವು ನಕ್ಷತ್ರ ಒತ್ತಿದಿರಿ ಎನ್ನಿ. ಮೊಬೈಲ್ ಸರ್ವರ್‌ಗೆ ಹೇಳಿಕಳಿಸಿತು. ಸರ್ವರ್ ಉಳಿಸಿಕೊಂಡು 'ಆಯಿತು' ಎಂದಿತು. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು, ಆ 'ಆಯಿತು' ಮೊಬೈಲ್‌ಗೆ ತಲುಪಲೇ ಇಲ್ಲ. ಈಗ ಮೊಬೈಲ್‌ಗೆ ಗೊತ್ತಿರುವುದು ಇಷ್ಟೇ: ಉತ್ತರ ಬಂದಿಲ್ಲ. ದಾರಿಯಲ್ಲಿ ಕಳೆದದ್ದು ಕೋರಿಕೆಯೋ ಉತ್ತರವೋ ತಿಳಿಯುವ ಬಗೆ ಅದಕ್ಕಿಲ್ಲ.

ಇದು ಯಾರದೋ ಅಜಾಗರೂಕತೆಯಿಂದ ಆದ ತಪ್ಪಲ್ಲ. 1975ರಲ್ಲಿ ಮೂವರು ಸಂಶೋಧಕರು ಈ ಸಮಸ್ಯೆಯನ್ನು ಮೊದಲು ಪ್ರಕಟಿಸಿದರು. 1978ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಅದಕ್ಕೆ 'ಇಬ್ಬರು ಸೇನಾಪತಿಗಳ ಸಮಸ್ಯೆ' ಎಂಬ ಹೆಸರು ಕೊಟ್ಟರು. ಎರಡು ಬೆಟ್ಟಗಳ ಮೇಲೆ ಇಬ್ಬರು ಸೇನಾಪತಿಗಳು, ನಡುವಿನ ಕಣಿವೆಯಲ್ಲಿ ಶತ್ರು. ಇಬ್ಬರೂ ಒಟ್ಟಿಗೆ ದಾಳಿ ಮಾಡಿದರೆ ಗೆಲುವು, ಒಬ್ಬನೇ ಹೋದರೆ ಸೋಲು. ಸುದ್ದಿ ಕಳಿಸಲು ಇರುವುದು ಕಣಿವೆ ದಾಟಬೇಕಾದ ದೂತ ಮಾತ್ರ, ಅವನು ದಾರಿಯಲ್ಲೇ ಸಿಕ್ಕಿಬೀಳಬಹುದು. ಮೊದಲನೆಯವನು 'ನಾಳೆ ಬೆಳಗ್ಗೆ' ಎಂದು ಕಳಿಸುತ್ತಾನೆ. ಅದು ತಲುಪಿತೆಂದು ತಿಳಿಯಲು ಉತ್ತರ ಬೇಕು. ಉತ್ತರ ಕಳಿಸಿದವನಿಗೆ ತನ್ನ ಉತ್ತರ ತಲುಪಿತೋ ಎಂಬ ಸಂಶಯ. ಅದಕ್ಕೆ ಮತ್ತೊಂದು ದೂತ. ಎಷ್ಟು ದೂತರನ್ನು ಕಳಿಸಿದರೂ ಇಬ್ಬರಿಗೂ ಪೂರ್ತಿ ಖಾತ್ರಿ ಸಿಗುವುದೇ ಇಲ್ಲ. ಇದು ಗಣಿತದಲ್ಲಿ ಸಾಬೀತಾಗಿರುವ ಮಾತು. ಎಂಥ ದುಬಾರಿ ಫೋನ್ ತಂದರೂ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹಾಗಾದರೆ ಎಂಜಿನಿಯರ್‌ಗಳು ಏನು ಮಾಡುತ್ತಾರೆ? ಉತ್ತರ ಬರದಿದ್ದರೆ ಮತ್ತೆ ಕಳಿಸು ಎನ್ನುತ್ತಾರೆ. ಒಂದು ನಿಮಿಷ ಬಿಟ್ಟು, ಆಮೇಲೆ ಎರಡು, ನಾಲ್ಕು, ಎಂಟು, ಹೀಗೆ ಬಿಡುವನ್ನು ಹೆಚ್ಚಿಸುತ್ತಾ ಹೋಗುತ್ತಾರೆ. ಆ ಬಿಡುವಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯನ್ನೂ ಬೇಕೆಂದೇ ಸೇರಿಸುತ್ತಾರೆ. ಇಲ್ಲದಿದ್ದರೆ ಟವರ್ ಮರಳಿದ ಕೂಡಲೇ ಮಡಿಕೇರಿಯ ಎಲ್ಲ ಮೊಬೈಲ್‌ಗಳೂ ಒಟ್ಟಿಗೆ ನುಗ್ಗುತ್ತವೆ. ಹೀಗೆ ಮಾಡಿದರೆ ಲೇಖನ ಕಳೆಯುವುದಿಲ್ಲ, ಆದರೆ ಎರಡು ಸಲ ತಲುಪಬಹುದು. ಎರಡನೆಯ ಸಲ ಬಂದದ್ದನ್ನು ಗುರುತಿಸಿ ಬಿಟ್ಟುಬಿಡುವ ಹೊಣೆ ತೆಗೆದುಕೊಳ್ಳುವವನದು. ಅದಕ್ಕೆ ಅವನು ಕೇಳಿಕೊಳ್ಳಬೇಕಾದದ್ದು ಮತ್ತದೇ ಪ್ರಶ್ನೆ: ಇದು ಆಗಲೇ ಬಂದಿದೆಯಾ?

ಎರಡು ಆ್ಯಪ್‌ಗಳ ನಡುವೆ ಎರಡೂ ದಿಕ್ಕಿನ ನಿಯಮ ಹಾಕಿದರೆ ಇದೇ ಪ್ರಶ್ನೆ ದೊಡ್ಡದಾಗುತ್ತದೆ. ಇಲ್ಲಿಂದ ಅಲ್ಲಿಗೆ ಹೋದ ಲೇಖನ ಅಲ್ಲಿ 'ಹೊಸದು' ಎನಿಸಿಕೊಂಡು ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ. ಒಂದೇ ದಿಕ್ಕು ಸಾಕು ಎನ್ನುವುದು ನನ್ನ ಅಭಿಪ್ರಾಯ. ಓದುವ ಕಡೆಯಿಂದ ಉಳಿಸುವ ಕಡೆಗೆ.

ಉಳಿಸುವ ಕಡೆಯೂ ಶಾಶ್ವತವಲ್ಲ. ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು. 2007ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ, ಮುಂದೆ ಮೊಜಿಲ್ಲಾದ ಕೈಸೇರಿದ, ಲೇಖನ ಉಳಿಸಿಡುವ ಪಾಕೆಟ್ ಆ್ಯಪ್ 2025ರ ಜುಲೈ 8ರಂದು ನಿಂತಿತು. ಅದನ್ನು ನಡುವೆ ಇಟ್ಟು ಕಟ್ಟಿಕೊಂಡಿದ್ದ ನಿಯಮಗಳೆಲ್ಲ ಅಲ್ಲಿಗೇ ಕಡಿದುಹೋದವು. ಬಳಕೆದಾರರಿಗೆ ತಮ್ಮ ಪಟ್ಟಿಯನ್ನು ಇಳಿಸಿಕೊಳ್ಳಲು ಅವಕಾಶ ಸಿಕ್ಕಿತು. ಆದರೆ ಸಿಕ್ಕಿದ್ದರಲ್ಲಿ ಲಿಂಕ್, ಟ್ಯಾಗ್ ಮುಂತಾದವು ಇದ್ದವು, ಲೇಖನದ ಪಠ್ಯ ಇರಲಿಲ್ಲ. ಲಿಂಕ್ ಇದ್ದರೆ ಸಾಲದು. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ನಂತರ ತೆರೆಯುತ್ತಿರಲಿಲ್ಲ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು. 2018ರ ಆಗಸ್ಟ್‌ನ ಭೂಕುಸಿತದ ಬಗ್ಗೆ ಬಂದ ವರದಿಗಳು ನಮ್ಮ ಜಿಲ್ಲೆಗೆ ಬೇಕಾದ ದಾಖಲೆ. ಅವುಗಳ ಬರೀ ವಿಳಾಸ ಇಟ್ಟುಕೊಂಡು ಕೂರಲಾಗದು.

ಆದ್ದರಿಂದ ಸರಪಳಿಯ ಕೊನೆಯಲ್ಲಿ ಪಠ್ಯವನ್ನೂ ಉಳಿಸುವ ಆ್ಯಪ್ ಇಡಿ. ವಾಲಾಬ್ಯಾಗ್ ಅಂಥದ್ದು, ಮುಕ್ತ ತಂತ್ರಾಂಶ, ತಿಳಿದವರು ತಮ್ಮದೇ ಸರ್ವರ್‌ನಲ್ಲೂ ನಡೆಸಬಹುದು. ಹೊಸ ನಿಯಮ ಹೊಂದಿಸಿದ ಮೇಲೆ ಒಂದೇ ಲೇಖನವನ್ನು ಒಮ್ಮೆ ವಾಟ್ಸಾಪ್‌ನ ಲಿಂಕ್‌ನಿಂದ, ಒಮ್ಮೆ ರೀಡರ್‌ನಿಂದ ಉಳಿಸಿ ನೋಡಿ. ಪಟ್ಟಿಯಲ್ಲಿ ಒಂದೇ ಬಂದರೆ ನಿಮ್ಮ ಆ್ಯಪ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ಬುಕ್‌ಮಾರ್ಕ್‌ಗಳನ್ನು ಫೈಲ್ ಆಗಿ ಇಳಿಸಿಕೊಳ್ಳುವಾಗ ಬ್ರೌಸರ್‌ಗಳು ಓದಬಲ್ಲ ಎಚ್‌ಟಿಎಂಎಲ್ ರೂಪವನ್ನೇ ಆರಿಸಿ. ಅದೂ ನೆಟ್‌ಸ್ಕೇಪ್ ಕಾಲದ್ದೇ, ಇಂದಿಗೂ ಹೆಚ್ಚಿನ ಬುಕ್‌ಮಾರ್ಕ್ ಆ್ಯಪ್‌ಗಳು ಅದನ್ನು ತೆಗೆದುಕೊಳ್ಳುತ್ತವೆ. ಕೊಯ್ಲು ಮುಗಿದ ಮೇಲೆ ಒಮ್ಮೆ, ಮುಂಗಾರಿಗೆ ಮೊದಲು ಒಮ್ಮೆ ಆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.