ತೊಳೆದು ಹಾಕಿದ ಚಿತ್ರಗಳು: ಕೈಯಲ್ಲಿ ಬರೆದ ಅನಿಮೇಷನ್‌ನ ಮೂಲ ಹಾಳೆಗಳ ಕಥೆ

1930ರ ದಶಕದ ಅಮೆರಿಕದ ಕಾರ್ಟೂನ್ ಸ್ಟುಡಿಯೋಗಳಲ್ಲಿ ಚಿತ್ರ ಬರೆಯುವ ಕೆಲಸದ ಜೊತೆಗೆ ಚಿತ್ರ ತೊಳೆಯುವ ಕೆಲಸವೂ ಇತ್ತು. ನಿಜವಾಗಿಯೂ ತೊಳೆಯುವುದೇ. ಬಣ್ಣ ತುಂಬಿದ ಪ್ಲಾಸ್ಟಿಕ್ ಹಾಳೆಯನ್ನು ಕ್ಯಾಮೆರಾ ಕೆಳಗೆ ಇಟ್ಟು ಫೋಟೊ ತೆಗೆದಾದ ಮೇಲೆ ಅದರ ಬಣ್ಣವನ್ನೆಲ್ಲ ಉಜ್ಜಿ ತೆಗೆಯುತ್ತಿದ್ದರು. ಹಾಳೆ ಒಣಗಿದರೆ ಮುಂದಿನ ಕಾರ್ಟೂನಿಗೆ ಸಿದ್ಧ. ಗೀರು ಬಿದ್ದು ಕೆಟ್ಟರೆ ಕಸದ ಬುಟ್ಟಿಗೆ. ಆಗಿನ ಲೆಕ್ಕದಲ್ಲಿ ಪ್ಲಾಸ್ಟಿಕ್ಕಿಗೆ ಬೆಲೆ ಇತ್ತು, ಅದರ ಮೇಲಿನ ಚಿತ್ರಕ್ಕೆ ಇರಲಿಲ್ಲ.

ಆ ದಶಕದಿಂದ ಹೇಗೋ ಉಳಿದು ಬಂದ ಒಂದು ಚಿತ್ರದ ಕಥೆ ಕೇಳಿ. 1934ರ ಡಿಸ್ನಿ ಕಾರ್ಟೂನ್ ‘ಆರ್ಫನ್ಸ್ ಬೆನಿಫಿಟ್’ನದ್ದು. ಕಪ್ಪು ಬಿಳುಪು. 1989ರ ಹರಾಜಿನಲ್ಲಿ ಅದು 2,86,000 ಡಾಲರಿಗೆ ಹೋಯಿತು. ನಡುವಿನ 55 ವರ್ಷಗಳಲ್ಲಿ ಏನಾಯಿತು? ಕಸವಾಗಿದ್ದದ್ದು ಆಸ್ತಿ ಆದದ್ದು ಹೇಗೆ? ಅದಕ್ಕಿಂತ ಮುಖ್ಯವಾದ ಪ್ರಶ್ನೆ ನನಗೆ ಇನ್ನೊಂದು. ಇಷ್ಟೆಲ್ಲ ಹಾಳೆಗಳಲ್ಲಿ ‘ಮೂಲ’ ಅಂತ ಯಾವುದನ್ನು ಕರೆಯಬೇಕು?

ಮೊದಲು ಪೆನ್ಸಿಲ್ ಹಾಳೆ ನೋಡೋಣ. ತೆಳ್ಳಗಿನ ಬಿಳಿ ಕಾಗದ. ಗಾಜಿನ ಮೇಜಿನ ಕೆಳಗೆ ದೀಪ ಹಚ್ಚಿದರೆ ಅಡಿಯ ಹಾಳೆಯ ಗೆರೆ ಮೇಲೆ ಕಾಣಬೇಕು, ಅಷ್ಟು ತೆಳು. ಒಂದು ಅಂಚಿನಲ್ಲಿ ಸಾಲಾಗಿ ತೂತುಗಳು. ಮೇಜಿನ ಪುಟ್ಟ ಗೂಟಗಳಿಗೆ ಅವನ್ನು ಸಿಕ್ಕಿಸಿದರೆ ಹಾಳೆ ಕೂದಲೆಳೆಯಷ್ಟೂ ಕದಲುವುದಿಲ್ಲ. ಡಿಸ್ನಿಯ ಹಳೆಯ ಹಾಳೆಗಳಲ್ಲಿ ಎರಡು ತೂತು, ಆಮೇಲಿನವುಗಳಲ್ಲಿ ಐದು. ಸಂಗ್ರಾಹಕರು ತೂತು ಎಣಿಸಿ ಕಾಲ ಅಂದಾಜು ಮಾಡುತ್ತಾರೆ. ಮೂಲೆಯಲ್ಲಿ ಒಂದು ಸಂಖ್ಯೆ, ಆ ದೃಶ್ಯದಲ್ಲಿ ಇದು ಎಷ್ಟನೆಯ ಚಿತ್ರ ಎಂದು ಹೇಳಲು. ಚಿತ್ರದ ಒಳಗೆ ಕಣ್ಣಿಟ್ಟು ನೋಡಿದರೆ ಕಪ್ಪು ಗೆರೆಯ ಅಡಿಯಲ್ಲಿ ಕೆಂಪು ಅಥವಾ ನೀಲಿ ಪೆನ್ಸಿಲಿನ ಮಸುಕು ಗೆರೆಗಳು. ತಲೆಗೆ ಒಂದು ಉಂಡೆ, ಹೊಟ್ಟೆಗೆ ಇನ್ನೊಂದು ಉಂಡೆ. ಕೈ ಎಲ್ಲಿ ಬರಬೇಕು ಎಂದು ಮೂರು ಸಲ ಹುಡುಕಿ ನಾಲ್ಕನೆಯ ಸಲ ಗಟ್ಟಿ ಮಾಡಿದ ಗೆರೆ.

ಬದಿಯಲ್ಲಿ ಇನ್ನೊಂದು ಗುರುತು ಇರುತ್ತದೆ, ಪುಟ್ಟ ಏಣಿಯಂಥದ್ದು. ಒಂದು ಉದ್ದ ಗೀಟು, ಅದರ ಮೇಲೆ ಅಡ್ಡಡ್ಡ ಚಿಕ್ಕ ಗೀಟುಗಳು. ಏಣಿಯ ಎರಡು ತುದಿ ಎಂದರೆ ಎರಡು ಮುಖ್ಯ ಭಂಗಿ, ನಡುವಿನ ಮೆಟ್ಟಿಲು ಎಂದರೆ ನಡುವೆ ಬರಬೇಕಾದ ಚಿತ್ರಗಳು. ಮೆಟ್ಟಿಲುಗಳು ಒತ್ತೊತ್ತಾಗಿದ್ದರೆ ಪಾತ್ರ ನಿಧಾನವಾಗಿ ಚಲಿಸುತ್ತದೆ. ದೂರ ದೂರ ಇದ್ದರೆ ಬಿರುಸು. ಮುಖ್ಯ ಕಲಾವಿದ ಎರಡು ತುದಿಗಳನ್ನು ಬರೆದು ಈ ಏಣಿಯನ್ನು ಗೀಚಿ ಕೊಟ್ಟರೆ, ಕಿರಿಯ ಕಲಾವಿದರು ನಡುವಿನದನ್ನು ತುಂಬುತ್ತಿದ್ದರು. ಒಬ್ಬ ಕಲಾವಿದ ಇನ್ನೊಬ್ಬನಿಗೆ ಬರೆದ ಚೀಟಿ ಅದು. ಪರದೆಯ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಆದರೆ ಪಾತ್ರ ತಲೆ ಎತ್ತಿ ನೋಡುವ ಮೊದಲು ಒಂದು ಕ್ಷಣ ತಡೆಯುತ್ತದಲ್ಲ, ಆ ತಡೆ ಹುಟ್ಟಿದ್ದು ಅಲ್ಲೇ. ಇಡೀ ನಟನೆ ಈ ಕಾಗದದ ಮೇಲೆ ನಡೆದು ಮುಗಿದಿರುತ್ತದೆ.

ಹಾಗಾದರೆ ಪ್ಲಾಸ್ಟಿಕ್ ಎಲ್ಲಿಂದ ಬಂತು?

1914ರಲ್ಲಿ ವಿನ್ಸರ್ ಮೆಕೇ ಎಂಬ ಅಮೆರಿಕದ ಕಲಾವಿದ ‘ಗರ್ಟಿ’ ಎಂಬ ಡೈನೊಸಾರಿನ ಕಾರ್ಟೂನ್ ಮಾಡಿದ. ಸಾವಿರಾರು ಹಾಳೆಗಳು. ಡೈನೊಸಾರ್ ಒಂದು ಹೆಜ್ಜೆ ಇಟ್ಟರೂ ಹಿಂದಿನ ಬೆಟ್ಟ, ಕಲ್ಲು, ಕೆರೆ ಎಲ್ಲವನ್ನೂ ಹೊಸ ಹಾಳೆಯ ಮೇಲೆ ಮತ್ತೆ ಬರೆಯಬೇಕಿತ್ತು. ಆ ಹಿನ್ನೆಲೆ ಬರೆಯುವುದಕ್ಕೆಂದೇ ಒಬ್ಬ ಸಹಾಯಕ ಇದ್ದ. ಅದೇ ವರ್ಷ ಅರ್ಲ್ ಹರ್ಡ್ ಎಂಬಾತ ಒಂದು ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಪಾತ್ರವನ್ನು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಬರೆಯುವುದು, ಅಡಿಯಲ್ಲಿ ಒಂದೇ ಹಿನ್ನೆಲೆ ಇಡುವುದು. ಬೆಟ್ಟವನ್ನು ಒಂದು ಸಲ ಬರೆದರೆ ಸಾಕು. ಈ ಹಾಳೆಗೆ ‘ಸೆಲ್’ ಎಂಬ ಹೆಸರು ನಿಂತಿತು. ಮುಂದಿನ ಮುಕ್ಕಾಲು ಶತಮಾನ ಅನಿಮೇಷನ್ ಉದ್ಯಮ ನಡೆದದ್ದು ಇದರ ಮೇಲೆ.

ಕೆಲಸ ಹೀಗೆ ಸಾಗುತ್ತಿತ್ತು. ಪೆನ್ಸಿಲ್ ಹಾಳೆಯ ಮೇಲೆ ಸೆಲ್ ಇಟ್ಟು ಗೆರೆಯನ್ನು ಶಾಯಿಯಲ್ಲಿ ತಿದ್ದುವುದು. ಆಮೇಲೆ ಸೆಲ್ ಮಗುಚಿ ಹಿಂಬದಿಯಿಂದ ಬಣ್ಣ ತುಂಬುವುದು. ನಮ್ಮ ಹಳೆಯ ಮನೆಗಳ ದೇವರಕೋಣೆಯಲ್ಲಿ ಗಾಜಿನ ಹಿಂಬದಿ ಬರೆದ ಕೃಷ್ಣನ ಚಿತ್ರ ನೋಡಿದ್ದರೆ ಇದು ಥಟ್ಟನೆ ಅರ್ಥವಾಗುತ್ತದೆ. ಎದುರಿನಿಂದ ನುಣುಪು, ಹಿಂದೆ ಬಣ್ಣದ ಗಡ್ಡೆ. ಈ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. 1930ರ ದಶಕದ ಡಿಸ್ನಿಯಲ್ಲಿ ಹೆಂಗಸರಿಗೆ ಚಿತ್ರ ಬರೆಯುವ ಮೇಜು ಸಿಗುವುದು ತುಂಬ ಅಪರೂಪ. ಅವರಿಗೆ ಇದ್ದ ಜಾಗ ಶಾಯಿ ಮತ್ತು ಬಣ್ಣದ ವಿಭಾಗ. ಉಸಿರು ಬಿಗಿಹಿಡಿದು ಎಳೆಯಬೇಕಾದ ಗೆರೆ, ಅದೂ ದಿನವಿಡೀ. ಸ್ನೋ ವೈಟ್‌ಳ ಕೆನ್ನೆಯ ಕೆಂಪನ್ನು ಸೆಲ್ಲಿನಿಂದ ಸೆಲ್ಲಿಗೆ ಕೈಯಲ್ಲೇ ಹಚ್ಚಿದರು. ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಆದರೆ ಪರದೆಯ ಮೇಲೆ ಕೆನ್ನೆ ಮಿಣುಕುತ್ತದೆ. ಹೆಲೆನ್ ಆಗರ್ ಎಂಬಾಕೆಯ ಹೆಸರು ಈ ಕೆಲಸಕ್ಕೆ ಅಂಟಿಕೊಂಡು ಉಳಿದಿದೆ. ಉಳಿದ ನೂರಾರು ಜನರ ಹೆಸರು ಬಹುಕಾಲ ಯಾರಿಗೂ ಗೊತ್ತೇ ಇರಲಿಲ್ಲ.

1937ರ ಡಿಸೆಂಬರಿನಲ್ಲಿ ತೆರೆ ಕಂಡ ‘ಸ್ನೋ ವೈಟ್’ 83 ನಿಮಿಷದ ಸಿನಿಮಾ. ಸೆಕೆಂಡಿಗೆ 24 ಫ್ರೇಮ್ ಎಂದು ಲೆಕ್ಕ ಹಾಕಿ. 1,19,520 ಫ್ರೇಮ್. ಎಷ್ಟೋ ಕಡೆ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತಿದ್ದರು, ನಿಜ. ಆದರೆ ಒಂದೇ ಫ್ರೇಮಿನಲ್ಲಿ ಹಲವು ಪಾತ್ರಗಳಿದ್ದರೆ ಸೆಲ್ಲಿನ ಮೇಲೆ ಸೆಲ್. ಪ್ರತಿ ಸೆಲ್ಲಿನ ಹಿಂದೆ ಒಂದು ಪೆನ್ಸಿಲ್ ಹಾಳೆ, ಅದರ ಹಿಂದೆ ಬಿಸಾಡಿದ ಕರಡುಗಳು. ಸಿನಿಮಾ ಮುಗಿದ ದಿನ ಸ್ಟುಡಿಯೋ ಮುಂದೆ ಇದ್ದದ್ದು ಕಲೆಯ ರಾಶಿ ಅಲ್ಲ, ಜಾಗ ತಿನ್ನುವ ಸಾಮಾನಿನ ರಾಶಿ. ಆ ಕಣ್ಣಿನಿಂದ ನೋಡಿದರೆ ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ಆದರೂ ಹೊಟ್ಟೆ ಉರಿಯುತ್ತದೆ.

ಆ ರಾಶಿಯಲ್ಲಿ ಬೆಲೆ ಕಂಡ ಒಬ್ಬ ಸಿಕ್ಕಿದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗ್ಯಾಲರಿ ನಡೆಸುತ್ತಿದ್ದ ಗಥ್ರಿ ಕೂರ್ವಾಸಿಯೇ. 1938ರಲ್ಲಿ ಡಿಸ್ನಿ ಜೊತೆ ಒಪ್ಪಂದ ಮಾಡಿಕೊಂಡು ಸ್ನೋ ವೈಟ್‌ನ ಆಯ್ದ ಸೆಲ್‌ಗಳನ್ನು ಚೌಕಟ್ಟು ಹಾಕಿ ಮಾರತೊಡಗಿದ. 1939ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಕೂಡ ಒಂದು ಚಿತ್ರ ತೆಗೆದುಕೊಂಡಿತು. ಕೊಂಬೆಯ ಮೇಲೆ ಕೂತ ಎರಡು ರಣಹದ್ದುಗಳು.

ಒಂದು ಸೂಕ್ಷ್ಮ ಇಲ್ಲಿದೆ. ಒಂದು ದೃಶ್ಯಕ್ಕೆ ನೂರು ಸೆಲ್ ಇದ್ದರೂ ಹಿನ್ನೆಲೆ ಒಂದೇ. ಮಾರುವಾಗ ತೊಂಬತ್ತೊಂಬತ್ತು ಸೆಲ್ಲಿಗೆ ಹಿನ್ನೆಲೆ ಇಲ್ಲ. ಅದಕ್ಕೆ ಗ್ಯಾಲರಿಗಾಗಿಯೇ ಹೊಸ ಹಿನ್ನೆಲೆ ಮಾಡಿದರು, ಕೆಲವಕ್ಕೆ ಮರದ ತೆಳು ಹಲಗೆಯನ್ನೇ ಇಟ್ಟರು. ಪಾತ್ರವನ್ನು ಅಂಚಿಗುಂಟ ಕತ್ತರಿಸಿ ಅಂಟಿಸಿದ್ದೂ ಉಂಟು. ಸಿನಿಮಾದಲ್ಲಿ ಜೊತೆಗಿದ್ದ ಸೆಲ್ ಮತ್ತು ಹಿನ್ನೆಲೆ ಎರಡೂ ಒಟ್ಟಿಗೆ ಸಿಕ್ಕಿದರೆ ಇವತ್ತಿಗೂ ಅದರ ಬೆಲೆಯೇ ಬೇರೆ.

ಈ ವ್ಯಾಪಾರ 1940ರ ದಶಕದಲ್ಲೇ ತಣ್ಣಗಾಯಿತು. 1955ರಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದ ಮೇಲೆ ಅಲ್ಲಿನ ‘ಆರ್ಟ್ ಕಾರ್ನರ್’ ಅಂಗಡಿಯಲ್ಲಿ ನಿಜವಾದ ಸೆಲ್‌ಗಳನ್ನು ಒಂದೆರಡು ಡಾಲರಿಗೆ ಆಟಿಕೆಯ ಹಾಗೆ ಮಾರಿದರು. ಮಕ್ಕಳು ಕೊಂಡರು, ಗೋಡೆಗೆ ಮೊಳೆ ಹೊಡೆದರು, ಬಣ್ಣ ಉದುರಿತು. 1961ರ ‘101 ಡಾಲ್ಮೇಷಿಯನ್ಸ್’ ಹೊತ್ತಿಗೆ ಝೆರಾಕ್ಸ್ ಬಂತು. ಪೆನ್ಸಿಲ್ ಗೆರೆಯನ್ನು ಯಂತ್ರವೇ ನೇರವಾಗಿ ಸೆಲ್ಲಿಗೆ ಇಳಿಸಿತು. ಶಾಯಿಯ ಹೆಂಗಸರ ಕೆಲಸ ಬಹುಪಾಲು ಹೋಯಿತು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕಲಾವಿದನ ಒರಟು ಪೆನ್ಸಿಲ್ ಗೆರೆ ಮೊದಲ ಸಲ ಪರದೆಯ ಮೇಲೆ ಹಾಗೇ ಕಾಣಿಸಿತು. ಆ ಸಿನಿಮಾದ ನಾಯಿಗಳ ಮೈಗೆರೆ ಗಮನಿಸಿ, ಅಲ್ಲಲ್ಲಿ ಕಾಗದದ ತರಿ ಇನ್ನೂ ಇದೆ.

ಭಾರತಕ್ಕೆ ಈ ಕಲೆ ಇದೇ ರೂಪದಲ್ಲಿ ಬಂತು. 1956ರಲ್ಲಿ ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಮುಂಬೈಯ ಫಿಲ್ಮ್ಸ್ ಡಿವಿಷನ್ನಿಗೆ ತರಬೇತಿ ಕೊಡಲು ಬಂದರು. ಹುಟ್ಟಿದ್ದು ಇಲ್ಲೇ, ಮಿಷನರಿಗಳ ಮಗ. ಅವರ ಕೈಯಲ್ಲಿ ಪಳಗಿದವರಲ್ಲಿ ರಾಮ್ ಮೋಹನ್ ಒಬ್ಬರು. ಜಾತಕ ಕಥೆಯ ‘ದಿ ಬ್ಯಾನ್ಯನ್ ಡೀರ್’ 1957ರಲ್ಲಿ ಹೊರಬಂತು. ಮುಂದೆ ಜಪಾನಿನ ಯುಗೋ ಸಾಕೋ ಜೊತೆ ಸೇರಿ ರಾಮ್ ಮೋಹನ್ ಮಾಡಿದ ರಾಮಾಯಣದ ಸಿನಿಮಾ ಕೂಡ ಕೈಯಲ್ಲಿ ಬರೆದ ಸೆಲ್ಲಿನಲ್ಲೇ ಆದದ್ದು.

ಮತ್ತೆ ಅಮೆರಿಕಕ್ಕೆ. 1984ರಲ್ಲಿ ಡಿಸ್ನಿಯ ಹಳೆಯ ನೌಕರರೊಬ್ಬರು ಜೋಪಾನ ಮಾಡಿದ್ದ ಸಂಗ್ರಹ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿಗೆ ಬಂತು. ಬೆಲೆ ಏರಿದ್ದು ಅಲ್ಲಿಂದ. ಐದೇ ವರ್ಷದಲ್ಲಿ ಮೊದಲು ಹೇಳಿದ ಆ 2,86,000 ಡಾಲರಿನ ಹರಾಜು. ವಿಚಿತ್ರ ನೋಡಿ, ಅದೇ ಹೊತ್ತಿಗೆ ಸೆಲ್ಲಿನ ಕಾಲ ಮುಗಿಯುತ್ತಿತ್ತು. 1989ರ ‘ದಿ ಲಿಟಲ್ ಮರ್ಮೇಡ್’ ಡಿಸ್ನಿಯ ಕೊನೆಯ ದೊಡ್ಡ ಸೆಲ್ ಸಿನಿಮಾ. 1990ರಿಂದ ಪೆನ್ಸಿಲ್ ಹಾಳೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದರು. ಹಾಗಾಗಿ ‘ಬ್ಯೂಟಿ ಅಂಡ್ ದಿ ಬೀಸ್ಟ್’ಗೂ ‘ಲಯನ್ ಕಿಂಗ್’ಗೂ ಕ್ಯಾಮೆರಾ ಕಂಡ ಸೆಲ್ ಇಲ್ಲವೇ ಇಲ್ಲ. ಹರಾಜಿಗೆ ಬಂದವು ಸಿನಿಮಾ ಮುಗಿದ ಮೇಲೆ ಮಾರುವುದಕ್ಕೆಂದೇ ಬರೆಸಿದವು. ‘ಸೆರಿಸೆಲ್’ ಎಂಬ ಹೆಸರಲ್ಲಿ ಅಂಗಡಿಗಳಲ್ಲಿ ಸಿಗುವುದಂತೂ ಅಚ್ಚು ಹಾಕಿದ ಪ್ರತಿ. ಆನ್‌ಲೈನಿನಲ್ಲಿ ಕೊಳ್ಳಲು ಹೊರಟವರು ಇದೊಂದನ್ನು ನೆನಪಿಡಿ.

ಬೆಲೆ ಬಂದ ಮೇಲೆ ಇನ್ನೊಂದು ಸಂಕಟ ಕಣ್ಣಿಗೆ ಬಿತ್ತು. ಸೆಲ್ ತಾನಾಗಿಯೇ ಸಾಯುತ್ತಿತ್ತು. ಹಳೆಯ ಸೆಲ್‌ಗಳು ನೈಟ್ರೇಟ್, ಕಿಡಿ ತಾಗಿದರೆ ಭಗ್ ಎನ್ನುವಂಥವು. ಆಮೇಲಿನವು ಅಸಿಟೇಟ್. ಇವು ಹಳದಿಯಾಗಿ, ಸುರುಟಿ, ವಿನೆಗರ್ ವಾಸನೆ ಬಿಡುತ್ತವೆ. ನಮ್ಮ ಮನೆಯ ಟ್ರಂಕಿನಿಂದ ಹಳೆಯ ಮದುವೆ ಫೋಟೊಗಳ ನೆಗೆಟಿವ್ ತೆಗೆದಾಗ ಮೂಗಿಗೆ ಹೊಡೆದದ್ದು ಇದೇ ವಾಸನೆ. ಅದೇ ಜಾತಿಯ ಪ್ಲಾಸ್ಟಿಕ್, ಅದೇ ರೋಗ. ಹಾಳೆ ಕುಗ್ಗುತ್ತದೆ, ಬಣ್ಣ ಕುಗ್ಗುವುದಿಲ್ಲ. ಆಗ ಬಣ್ಣ ಎದ್ದು ಚಕ್ಕೆಯಾಗಿ ಉದುರುತ್ತದೆ. ಲಾಸ್ ಏಂಜಲೀಸಿನ ಗೆಟ್ಟಿ ಸಂರಕ್ಷಣಾ ಸಂಸ್ಥೆ ಡಿಸ್ನಿ ಸಂಗ್ರಹಾಲಯದ ಜೊತೆ ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿದೆ. ಅವರು ಕಂಡುಕೊಂಡದ್ದು ಎಷ್ಟು ಚೆಂದ ಎಂದರೆ, ಸೆಲ್ ಸುತ್ತಲಿನ ಗಾಳಿಯ ತೇವವನ್ನು ಮೆಲ್ಲಗೆ ಏರಿಸಿದರೆ ಬಣ್ಣ ಮೆತ್ತಗಾಗಿ ತಾನೇ ಪ್ಲಾಸ್ಟಿಕ್ಕಿಗೆ ಮತ್ತೆ ಅಂಟಿಕೊಳ್ಳುತ್ತದೆ. ಅಂಟು ಬೇಡ, ಕುಂಚ ಬೇಡ.

ಪೆನ್ಸಿಲ್ ಹಾಳೆಗೆ ಈ ರೋಗ ಇಲ್ಲ. ಹಳದಿಯಾಗಬಹುದು, ಅಂಚು ಹರಿಯಬಹುದು, ಗೆರೆ ಮಾತ್ರ ಉಳಿಯುತ್ತದೆ.

ಕಳೆದುಹೋದದ್ದು ಸಿಕ್ಕಿದ ಕಥೆಯೂ ಇದೆ. 1960ರಲ್ಲಿ ‘ಸ್ಲೀಪಿಂಗ್ ಬ್ಯೂಟಿ’ ಜಪಾನಿಗೆ ಬಂದಾಗ ಡಿಸ್ನಿ ತನ್ನ ಮೂಲ ಚಿತ್ರಗಳನ್ನು ಊರೂರಿಗೆ ಪ್ರದರ್ಶನಕ್ಕೆ ಕಳಿಸಿತು. ಆಮೇಲೆ ಅವನ್ನು ಟೋಕಿಯೋದ ಆಧುನಿಕ ಕಲಾ ಮ್ಯೂಸಿಯಮ್ಮಿಗೆ ದಾನ ಕೊಟ್ಟಿತು. ಅಲ್ಲಿಂದ ಅವು ಚಿಬಾ ವಿಶ್ವವಿದ್ಯಾಲಯಕ್ಕೆ ಹೋದವು. ಅಲ್ಲಿ ಉಗ್ರಾಣ ಸೇರಿ ದಶಕಗಟ್ಟಲೆ ಮರೆತೇ ಹೋದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಯಾರೋ ಬಾಗಿಲು ತೆರೆದರೆ ಸುಮಾರು 250 ಚಿತ್ರಗಳು! 2008ರಲ್ಲಿ ವಿಶ್ವವಿದ್ಯಾಲಯ ಅವನ್ನು ಡಿಸ್ನಿಗೆ ಮರಳಿಸಿತು. ಡಿಸ್ನಿ ಪ್ರತಿಯಾಗಿ 10 ಲಕ್ಷ ಡಾಲರ್ ಕೊಟ್ಟಿತು.

ಜಪಾನಿನಲ್ಲೂ ಸೆಲ್‌ಗಳನ್ನು ಬಿಸಾಡಿದ ಕಾಲ ಇತ್ತು. ಅಲ್ಲಿನ ಹಳೆಯ ಸೆಲ್ ಕೊಂಡರೆ ಎಷ್ಟೋ ಸಲ ಹಿಂಬದಿಯ ಬಣ್ಣಕ್ಕೆ ಪೆನ್ಸಿಲ್ ಹಾಳೆ ಅಂಟಿಕೊಂಡೇ ಬರುತ್ತದೆ. ಬಿಡಿಸಲು ಹೋದರೆ ಎರಡೂ ಹಾಳು. 1997ರ ‘ಪ್ರಿನ್ಸೆಸ್ ಮೊನೊನೊಕೆ’ಗೆ ಸುಮಾರು 1,44,000 ಸೆಲ್ ಬಳಸಿದರು. ಅವುಗಳಲ್ಲಿ 80 ಸಾವಿರದಷ್ಟನ್ನು ನಿರ್ದೇಶಕ ಹಯಾವೊ ಮಿಯಾಝಾಕಿ ತಾವೇ ನೋಡಿದರು, ತಿದ್ದಿದರು ಎನ್ನುತ್ತಾರೆ. ತಿದ್ದುವುದು ಯಾವುದರ ಮೇಲೆ? ಪೆನ್ಸಿಲ್ ಹಾಳೆಯ ಮೇಲೆಯೇ.

ನನ್ನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಅಲ್ಲೇ ಇದೆ. ಸೆಲ್ ಚೆಂದ, ಅದು ಹೆಸರಿಲ್ಲದ ಹೆಂಗಸರ ಕೈಚಳಕ, ಅದಕ್ಕೆ ಸಿಗಬೇಕಾದ ಗೌರವ ಇನ್ನೂ ಪೂರ್ತಿ ಸಿಕ್ಕಿಲ್ಲ. ಆದರೆ ಪಾತ್ರ ಮೊದಲು ಉಸಿರಾಡಿದ್ದು ಕಾಗದದ ಮೇಲೆ. ಕ್ಯಾಲಿಫೋರ್ನಿಯಾದ ಡಿಸ್ನಿ ಸಂಗ್ರಹಾಲಯದಲ್ಲಿ ಈಗ ಸುಮಾರು 6.5 ಕೋಟಿ ಚಿತ್ರಗಳಿವೆ. ಸ್ಟುಡಿಯೋದವರು ಹಿಂದೆ ಆ ಉಗ್ರಾಣವನ್ನು ‘ಶವಾಗಾರ’ ಎಂದೇ ಕರೆಯುತ್ತಿದ್ದರು. ಕೆಲಸ ಮುಗಿದ ಹಾಳೆಗಳನ್ನು ಇಡುವ ಜಾಗ, ಅಷ್ಟೇ. ಇಂದು ಹೊಸ ಸಿನಿಮಾ ಮಾಡುವ ಕಲಾವಿದರು ಹಳೆಯ ದೃಶ್ಯ ಕಲಿಯಲು ಅದೇ ಹಾಳೆಗಳನ್ನು ತೆಗೆಸಿ ನೋಡುತ್ತಾರೆ. ಒಂದು ದೃಶ್ಯದ ಪೆನ್ಸಿಲ್ ಹಾಳೆಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿ, ಬೆರಳುಗಳ ನಡುವೆ ಹಿಡಿದು ಒಂದೊಂದಾಗಿ ಬಿಟ್ಟರೆ ಸಾಕು. ಕ್ಯಾಮೆರಾ ಬೇಡ, ಬಣ್ಣ ಬೇಡ, ಪಾತ್ರ ತಲೆ ಎತ್ತಿ ನೋಡುತ್ತದೆ.